ಕುಡಿತಕ್ಕೆ ಥಿನ್ನರ್ ಜೊತೆಯಾದಾಗ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಸೋಮವಾರ ಸಂಜೆ, ನಲವತ್ತರ ಆಸುಪಾಸಿನ ವ್ಯಕ್ತಿಯೊಬ್ಬರನ್ನು ಅವರ ಪತ್ನಿ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಕಣ್ಣುಗಳು ಅರಿಶಿನದಂತೆ ಹಳದಿಯಾಗಿದ್ದವು. ಮೂರು ದಿನಗಳಿಂದ ವಾಂತಿ, ಊಟ ಸೇರುತ್ತಿರಲಿಲ್ಲ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮನೆಯವರು ಕಾಮಾಲೆ ಎಂದು ನೆಲನೆಲ್ಲಿಯ ರಸ ಕುಡಿಸಿ, ಪಥ್ಯ ಮಾಡಿಸಿ, ಗುಣ ಕಾಣದಿದ್ದಾಗ ನನ್ನಲ್ಲಿಗೆ ಬಂದಿದ್ದರು.

ರೋಗಿ ನನಗೆ ಹೊಸಬರಾಗಿರಲಿಲ್ಲ. ತಿಂಗಳ ಹಿಂದೆ ತಲೆನೋವೆಂದು ಬಂದಿದ್ದರು. ರಕ್ತದೊತ್ತಡ ನೋಡಿ, ಪ್ಯಾರಾಸಿಟಮಾಲ್ ಬರೆದುಕೊಟ್ಟು ಕಳುಹಿಸಿದ್ದೆ. ಅಂದು ಕೇಳದೆ ಬಿಟ್ಟ ಪ್ರಶ್ನೆಯನ್ನು ಈ ಸಲ ಕೇಳಿದೆ.

"ನೀವು ಏನು ಕೆಲಸ ಮಾಡೋದು?"

"ಗ್ಯಾರೇಜಲ್ಲಿ ಸಾರ್. ಗಾಡಿಗಳಿಗೆ ಸ್ಪ್ರೇ ಪೇಂಟಿಂಗ್. ಹದಿನೈದು ವರ್ಷದಿಂದ ಅದೇ ಕೆಲಸ."

"ಕುಡಿಯೋ ಅಭ್ಯಾಸ ಉಂಟಾ?"

ಅವರು ತಲೆ ತಗ್ಗಿಸಿದರು. ಉತ್ತರ ಬಂದದ್ದು ಪತ್ನಿಯಿಂದ: "ದಿನಾ ಒಂದು ಕ್ವಾರ್ಟರ್ ಬೇಕೇ ಬೇಕು ಡಾಕ್ಟ್ರೇ. ಕೇಳಿದ್ರೆ, ಒಳಗೆ ಹೋಗಿರೋ ಪೇಂಟು ತೊಳೆದು ಹೋಗ್ಬೇಕಲ್ಲ ಅಂತಾರೆ. ತಲೆನೋವಿಗೆ ನೀವು ಕೊಟ್ಟ ಮಾತ್ರೆ ದಿನಕ್ಕೆ ಐದಾರು ನುಂಗ್ತಿದ್ರು."

ಪೇಂಟಿನ ಕೆಲಸ ಮಾಡುವವರು, ಪೀಠೋಪಕರಣಗಳಿಗೆ ಪಾಲಿಶ್ ಹೊಡೆಯುವವರು, ಪ್ರಿಂಟಿಂಗ್ ಪ್ರೆಸ್ಸಿನವರು, ಚಪ್ಪಲಿಗೆ ಅಂಟು ಹಚ್ಚುವವರು ಹೀಗೆ ಹೇಳುವುದನ್ನು ನಾನು ಅನೇಕ ಸಲ ಕೇಳಿದ್ದೇನೆ. ಸಂಜೆ ಎರಡು ಪೆಗ್ ಹಾಕಿದರೆ ಹಗಲಿನ ಘಾಟು ಇಳಿಯುತ್ತದೆ ಎಂಬುದು ಅವರ ನಂಬಿಕೆ. ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಮದ್ಯ ಥಿನ್ನರನ್ನು ತೊಳೆಯುವುದಿಲ್ಲ. ಅದು ಹೊರಗೆ ಹೋಗುವ ದಾರಿಗೆ ಅಡ್ಡ ನಿಲ್ಲುತ್ತದೆ. ವರ್ಷಗಟ್ಟಲೆ ಕುಡಿದಾಗಲಂತೂ ಅದು ಕೆಲವು ದ್ರಾವಕಗಳನ್ನು ಇನ್ನಷ್ಟು ವಿಷವಾಗಿ ಮಾರ್ಪಡಿಸುವಂತೆ ದೇಹವನ್ನೇ ಬದಲಿಸಿಬಿಡುತ್ತದೆ. ಇದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ದ್ರಾವಕಗಳೆಂದರೆ ಯಾವುವು?

ಬಣ್ಣ, ಅಂಟು, ಗ್ರೀಸ್, ಶಾಯಿ ಮುಂತಾದವನ್ನು ಕರಗಿಸಲು ಬಳಸುವ, ಬೇಗ ಆವಿಯಾಗುವ ದ್ರವಗಳಿಗೆ ದ್ರಾವಕ ಅಥವಾ ಸಾಲ್ವೆಂಟ್ ಎನ್ನುತ್ತಾರೆ. ಪೇಂಟ್ ಅಂಗಡಿಯಲ್ಲಿ ಸಿಗುವ ಥಿನ್ನರ್‌ಗಳಲ್ಲಿ ಸಾಮಾನ್ಯವಾಗಿ ಟಾಲ್ವೀನ್, ಕ್ಸೈಲೀನ್, ಅಸಿಟೋನ್‌ನಂಥವು ಬೆರೆತಿರುತ್ತವೆ. ಲೋಹದ ಭಾಗಗಳ ಜಿಡ್ಡು ತೆಗೆಯಲು ಟ್ರೈಕ್ಲೋರೋಎಥಿಲೀನ್, ಡ್ರೈಕ್ಲೀನಿಂಗ್‌ಗೆ ಪರ್‌ಕ್ಲೋರೋಎಥಿಲೀನ್, ಕೃತಕ ಚರ್ಮದ ಕಾರ್ಖಾನೆಗಳಲ್ಲಿ ಡೈಮಿಥೈಲ್ ಫಾರ್ಮಮೈಡ್ ಬಳಕೆಯಲ್ಲಿವೆ. ಗ್ಯಾರೇಜುಗಳಲ್ಲಿ ಕೈ ತೊಳೆಯಲು ಬಳಸುವ ಪೆಟ್ರೋಲಿನಲ್ಲಿ ಅಲ್ಪ ಪ್ರಮಾಣದಲ್ಲಾದರೂ ಬೆಂಜೀನ್ ಇರುತ್ತದೆ.

ಇವುಗಳ ಆವಿ ಉಸಿರಿನೊಂದಿಗೆ ಶ್ವಾಸಕೋಶಕ್ಕೆ, ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಕೈಗೆ ತಾಗಿದ ದ್ರವದ ಒಂದಂಶ ಚರ್ಮದ ಮೂಲಕವೂ ಒಳಹೋಗುತ್ತದೆ. ದ್ರಾವಕಗಳಿಗೆ ಕೊಬ್ಬೆಂದರೆ ಬಲು ಪ್ರೀತಿ. ಮಿದುಳಿನಲ್ಲಿ ಕೊಬ್ಬಿನಂಶ ಹೆಚ್ಚಾದ್ದರಿಂದ ಮೊದಲ ಪರಿಣಾಮ ಅಲ್ಲೇ ಕಾಣಿಸುತ್ತದೆ. ತಲೆ ಭಾರ, ಮಂಪರು, ಓಲಾಟ, ವಾಕರಿಕೆ ಇವೆಲ್ಲ ಅದರ ಲಕ್ಷಣಗಳು. ಒಳಹೋದದ್ದರಲ್ಲಿ ಸ್ವಲ್ಪ ಭಾಗ ಉಸಿರಿನಲ್ಲೇ ಹೊರಬರುತ್ತದೆ. ಉಳಿದದ್ದು ಮೂತ್ರದಲ್ಲಿ ಹೋಗಬೇಕಾದರೆ ಮೊದಲು ನೀರಿನಲ್ಲಿ ಕರಗುವ ರೂಪಕ್ಕೆ ಬರಬೇಕು. ಆ ಕೆಲಸ ಮಾಡುವುದು ಯಕೃತ್ತು, ಅಂದರೆ ನಾವು ಲಿವರ್ ಎನ್ನುವ ಪಿತ್ತಜನಕಾಂಗ.

ಯಕೃತ್ತೆಂಬ ಗಿರಣಿ

ಯಕೃತ್ತನ್ನು ಬೀದಿಯ ಹಿಟ್ಟಿನ ಗಿರಣಿಗೆ ಹೋಲಿಸಬಹುದು. ಬಂದದ್ದನ್ನೆಲ್ಲ ಪುಡಿಮಾಡಿ ಕೊಡುವುದು ಅದರ ಕೆಲಸ. ಇಲ್ಲಿನ ಯಂತ್ರಗಳಿಗೆ ಕಿಣ್ವಗಳೆಂದು ಹೆಸರು. ಇವುಗಳಲ್ಲಿ ಒಂದರ ಹೆಸರು ಸಿವೈಪಿ-2ಇ1. ಹೆಸರು ಕಷ್ಟವಾದ್ದರಿಂದ ಇದನ್ನು 'ಎರಡನೇ ಯಂತ್ರ' ಎಂದೇ ಕರೆಯೋಣ. ಮಿತವಾಗಿ ಕುಡಿದಾಗ ಮದ್ಯಸಾರದ ಬಹುಪಾಲನ್ನು ಬೇರೊಂದು ಕಿಣ್ವ, ಅಂದರೆ ಮೊದಲನೇ ಯಂತ್ರವೇ ನಿಭಾಯಿಸುತ್ತದೆ. ಎರಡನೇ ಯಂತ್ರದ ಪಾಲು ಕಡಿಮೆ. ಆದರೆ ಟಾಲ್ವೀನ್, ಕ್ಸೈಲೀನ್, ಬೆಂಜೀನ್, ಟ್ರೈಕ್ಲೋರೋಎಥಿಲೀನ್ ಮುಂತಾದ ಅನೇಕ ದ್ರಾವಕಗಳು ಬರುವುದು ಇದೇ ಎರಡನೇ ಯಂತ್ರದ ಬಳಿಗೆ. ಎಂದರೆ ಮದ್ಯ ಮತ್ತು ಥಿನ್ನರ್ ಒಂದೇ ಸಾಲಿನಲ್ಲಿ ನಿಲ್ಲುವ ಗಿರಾಕಿಗಳು!

ಪುಡಿಯಾದದ್ದೆಲ್ಲ ನಿರಪಾಯಕಾರಿ ಎಂದು ಭಾವಿಸಬೇಡಿ. ಇಡೀ ಒಣಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದರೆ ಏನೂ ಆಗದು. ಅದನ್ನು ಗಿರಣಿಗೆ ಹಾಕಿದಾಗ ಬೀದಿಯವರೆಲ್ಲ ಸೀನುತ್ತಾರೆ. ಕೆಲವು ದ್ರಾವಕಗಳ ಸ್ವಭಾವವೂ ಹೀಗೆಯೇ. ಬೆಂಜೀನ್ ಪುಡಿಯಾದಾಗ ಹುಟ್ಟುವ ಪದಾರ್ಥಗಳು ಮೂಳೆಯ ಮಜ್ಜೆಯನ್ನು ಕೆಡಿಸುತ್ತವೆ; ರಕ್ತಹೀನತೆಗೆ, ರಕ್ತದ ಕ್ಯಾನ್ಸರಿಗೆ ಕಾರಣವಾಗುತ್ತವೆ. ಕಾರ್ಬನ್ ಟೆಟ್ರಾಕ್ಲೋರೈಡ್ ಪುಡಿಯಾದಾಗ ಹುಟ್ಟುವ ಕಣಗಳು ಯಕೃತ್ತಿನ ಜೀವಕೋಶಗಳನ್ನೇ ಸುಡುತ್ತವೆ. ಟಾಲ್ವೀನ್, ಕ್ಸೈಲೀನ್‌ಗಳದ್ದು ಬೇರೆ ರೀತಿ. ಅವು ಪುಡಿಯಾಗದೆ ರಕ್ತದಲ್ಲಿ ಉಳಿದಷ್ಟೂ ಹೊತ್ತು ಮಿದುಳಿಗೆ ತೊಂದರೆ.

ಗಿರಣಿಯಿಂದ ಬಂದ ಖಾರದ ಪುಡಿಯನ್ನು ಕೂಡಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟುವ ವ್ಯವಸ್ಥೆಯೂ ದೇಹದಲ್ಲಿದೆ. ಗ್ಲುಟಾಥಯೋನ್ ಎಂಬ ಪದಾರ್ಥವೇ ಈ ಚೀಲ. ಚೀಲಗಳಿರುವವರೆಗೆ ಅಪಾಯ ಕಡಿಮೆ.

ಕುಡಿದ ಹೊತ್ತಿನಲ್ಲಿ ಏನಾಗುತ್ತದೆ?

ಕೆಲಸದ ನಡುವೆ ಅಥವಾ ಕೆಲಸ ಮುಗಿದ ಕೂಡಲೇ ಕುಡಿದರೆ ಮದ್ಯಸಾರ ದೊಡ್ಡ ಮೂಟೆಯೊಂದಿಗೆ ಬಂದು ಯಂತ್ರಗಳ ಮುಂದೆ ಕುಳಿತುಬಿಡುತ್ತದೆ. ಥಿನ್ನರ್ ಸಾಲಿನಲ್ಲಿ ಕಾಯಬೇಕು. ಕಾಯುವುದು ಎಲ್ಲಿ? ರಕ್ತದಲ್ಲಿ, ಮಿದುಳಿನಲ್ಲಿ. ಫಿನ್ಲೆಂಡಿನ ಸಂಶೋಧಕರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಮದ್ಯ ಕುಡಿದು ಕ್ಸೈಲೀನ್ ಆವಿ ಉಸಿರಾಡಿದ ಸ್ವಯಂಸೇವಕರ ರಕ್ತದಲ್ಲಿ ಕ್ಸೈಲೀನ್ ಮಟ್ಟ ಒಂದೂವರೆಯಿಂದ ಎರಡು ಪಟ್ಟು ಹೆಚ್ಚಿತ್ತು. ಗಾಳಿ ಅದೇ, ಕೊಠಡಿ ಅದೇ. ಒಳಗೆ ಉಳಿದ ವಿಷ ಮಾತ್ರ ಹೆಚ್ಚು. ಎರಡೂ ಮಂಪರು ತರುವ ಪದಾರ್ಥಗಳಾದ್ದರಿಂದ ಏಣಿಯ ಮೇಲೆ ನಿಂತವರು, ಯಂತ್ರದ ಮುಂದೆ ಕುಳಿತವರು, ಬೈಕಿನಲ್ಲಿ ಮನೆಗೆ ಹೊರಟವರು ಅಪಘಾತಕ್ಕೆ ಈಡಾಗುವ ಸಂಭವ ಹೆಚ್ಚು.

ಸಾಲಿನಲ್ಲಿ ಕಾಯಿಸುವ ಈ ಗುಣವನ್ನು ವೈದ್ಯರು ಒಂದು ಕಡೆ ಉಪಯೋಗಕ್ಕೆ ತಂದಿದ್ದಾರೆ. ಮಿಥೈಲ್ ಆಲ್ಕೋಹಾಲ್ ಕೂಡ ಒಂದು ಕೈಗಾರಿಕಾ ದ್ರಾವಕ. ಇದು ಬೆರೆತ ಕಳ್ಳಭಟ್ಟಿ ಕುಡಿದು 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರರಷ್ಟು ಜನ ಸತ್ತ ದುರಂತವನ್ನು ಹಿರಿಯರು ಮರೆತಿರಲಾರರು. ಮಿಥೈಲ್ ಆಲ್ಕೋಹಾಲ್ ಮೊದಲನೇ ಯಂತ್ರದಲ್ಲಿ ಪುಡಿಯಾದಾಗ ಕೊನೆಗೆ ಫಾರ್ಮಿಕ್ ಆಮ್ಲವಾಗುತ್ತದೆ. ಕಣ್ಣು ಹೋಗುವುದು, ಪ್ರಾಣ ಹೋಗುವುದು ಅದರಿಂದ. ಇಂಥ ರೋಗಿಗೆ ಆಸ್ಪತ್ರೆಯಲ್ಲಿ ಅಳತೆ ಮಾಡಿ ಶುದ್ಧ ಮದ್ಯಸಾರ ಕೊಡುವುದುಂಟು. ಅದು ಯಂತ್ರವನ್ನು ಆಕ್ರಮಿಸಿಕೊಂಡು ಮಿಥೈಲ್ ಆಲ್ಕೋಹಾಲನ್ನು ಕಾಯಿಸುತ್ತದೆ. ಅಷ್ಟರಲ್ಲಿ ಡಯಾಲಿಸಿಸ್ ಮೂಲಕ ವಿಷವನ್ನು ತೆಗೆಯಬಹುದು. ಇದು ತೀವ್ರ ನಿಗಾ ಘಟಕದಲ್ಲಿ ಮಾಡುವ ಚಿಕಿತ್ಸೆ. ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು.

ವರ್ಷಗಟ್ಟಲೆ ಕುಡಿದಾಗ ಏನಾಗುತ್ತದೆ?

ಇಲ್ಲಿ ಚಿತ್ರ ತಿರುವುಮುರುವಾಗುತ್ತದೆ. ದಿನವೂ ದೊಡ್ಡ ಮೂಟೆ ಬರುತ್ತಿದ್ದರೆ ಗಿರಣಿಯ ಯಜಮಾನ ಏನು ಮಾಡುತ್ತಾನೆ? ಹೆಚ್ಚು ಯಂತ್ರ ಹಾಕಿಸುತ್ತಾನೆ. ಯಕೃತ್ತು ಮಾಡುವುದೂ ಅದನ್ನೇ. ಅಮೆರಿಕದ ವೈದ್ಯ ಚಾರ್ಲ್ಸ್ ಲೀಬರ್ ಮತ್ತು ಅವರ ಸಹೋದ್ಯೋಗಿ ಡಿಕಾರ್ಲಿ ಈ ಎರಡನೇ ದಾರಿಯನ್ನು 1968ರಲ್ಲಿ ವಿವರಿಸಿದರು. ಸತತವಾಗಿ ಕುಡಿಯುವವರಲ್ಲಿ ಎರಡನೇ ಯಂತ್ರದ ಪ್ರಮಾಣ ಹಲವು ಪಟ್ಟು ಏರುತ್ತದೆ. ಕೆಲವರು "ನನಗೆ ಎಷ್ಟು ಕುಡಿದರೂ ಏರೋದಿಲ್ಲ" ಎಂದು ಜಂಬ ಕೊಚ್ಚುತ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ. ಅದು ದೇಹದ ಗಟ್ಟಿತನವಲ್ಲ. ಒಳಗೆ ಆಗಿರುವ ಬದಲಾವಣೆಯ ಸೂಚನೆ.

ಇದಕ್ಕೆ ಎಷ್ಟು ಕುಡಿಯಬೇಕು? ಬಹಳ ಬೇಡ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರಿಗೆ ದಿನಕ್ಕೆ 40 ಗ್ರಾಂ ಮದ್ಯಸಾರ ಕೊಟ್ಟಾಗ ಒಂದೇ ವಾರದಲ್ಲಿ ಈ ಕಿಣ್ವದ ಚಟುವಟಿಕೆ ಏರಿತ್ತು. ನಮ್ಮಲ್ಲಿ ಸಿಗುವ 180 ಮಿ.ಲೀ.ನ ಒಂದು ಕ್ವಾರ್ಟರ್ ವಿಸ್ಕಿ ಅಥವಾ ರಮ್‌ನಲ್ಲಿ ಸುಮಾರು 60 ಗ್ರಾಂ ಮದ್ಯಸಾರವಿರುತ್ತದೆ. ಲೆಕ್ಕ ನೀವೇ ಹಾಕಿ.

ಯಂತ್ರ ಹೆಚ್ಚಿದರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಮೆಣಸಿನಕಾಯಿಯ ಮಾತು ನೆನಪಿಸಿಕೊಳ್ಳಿ. ಯಂತ್ರ ಹೆಚ್ಚಿದಷ್ಟೂ ಖಾರದ ಪುಡಿ ಹೆಚ್ಚು. ಸತತ ಕುಡಿತ ಗ್ಲುಟಾಥಯೋನ್ ದಾಸ್ತಾನನ್ನು ಬರಿದು ಮಾಡುತ್ತದೆ. ಕುಡಿಯುವವರು ಸರಿಯಾಗಿ ಉಣ್ಣುವುದಿಲ್ಲವಾದ್ದರಿಂದ ಅದು ಮತ್ತೆ ತುಂಬುವುದೂ ಇಲ್ಲ. ಯಂತ್ರ ಹೆಚ್ಚು, ಚೀಲ ಕಡಿಮೆ. ಅನಾಹುತವಾಗಲು ಇನ್ನೇನು ಬೇಕು?

ಇಟಲಿಯ ವೈದ್ಯರು 1996ರಲ್ಲಿ ವರದಿ ಮಾಡಿದ ಪ್ರಸಂಗವೊಂದು ಇದಕ್ಕೆ ಕನ್ನಡಿ ಹಿಡಿದಂತಿದೆ. ಕಾರ್ಬನ್ ಟೆಟ್ರಾಕ್ಲೋರೈಡ್ ತುಂಬಿದ್ದ ಅಗ್ನಿಶಾಮಕ ಉಪಕರಣದಿಂದ ಹೊರಬಂದ ಆವಿಯನ್ನು ಏಳು ಕೆಲಸಗಾರರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಉಸಿರಾಡಿದರು. ಐವರಿಗೆ ಸಣ್ಣಪುಟ್ಟ ತೊಂದರೆಗಳಷ್ಟೇ ಆದವು. ಇಬ್ಬರಿಗೆ ಮಾತ್ರ ಯಕೃತ್ತು, ಮೂತ್ರಪಿಂಡ ಎರಡೂ ತೀವ್ರವಾಗಿ ಕೆಟ್ಟವು. ಆ ಇಬ್ಬರು ದಿನಕ್ಕೆ 120 ಮತ್ತು 250 ಗ್ರಾಂ ಮದ್ಯಸಾರ ಸೇವಿಸುತ್ತಿದ್ದವರು. ಉಳಿದವರದು 50 ಗ್ರಾಂಗಿಂತ ಕಡಿಮೆ. ಗಾಳಿ ಎಲ್ಲರಿಗೂ ಒಂದೇ ಆಗಿತ್ತು, ಯಕೃತ್ತು ಮಾತ್ರ ಬೇರೆಯಾಗಿತ್ತು. ಈ ದ್ರಾವಕದ ಇಂಥ ಬಳಕೆಯನ್ನು ನಮ್ಮ ದೇಶ 2010ರ ವೇಳೆಗೆ ನಿಲ್ಲಿಸಿತು. ಅದೂ ಓಜೋನ್ ಪದರದ ರಕ್ಷಣೆಗಾಗಿ. ಆದರೆ ಹೆಚ್ಚಿದ ಯಂತ್ರಗಳ ಅಪಾಯ ಬೆಂಜೀನ್, ಟ್ರೈಕ್ಲೋರೋಎಥಿಲೀನ್‌ಗಳ ವಿಷಯದಲ್ಲೂ ಇದೆ.

ಇನ್ನೊಂದು ವಿಚಿತ್ರ ಗಮನಿಸಿ. ಮದ್ಯ ರಕ್ತದಲ್ಲಿದ್ದಷ್ಟು ಹೊತ್ತು ಯಂತ್ರಗಳು ಅದರಲ್ಲೇ ಮಗ್ನವಾಗಿರುತ್ತವೆ. ಮರುದಿನ ಬೆಳಿಗ್ಗೆ ಮದ್ಯ ಇಳಿದಿರುತ್ತದೆ, ಹೆಚ್ಚಿದ ಯಂತ್ರಗಳು ಮಾತ್ರ ಹಾಗೇ ಇರುತ್ತವೆ. ಆಗ ದ್ರಾವಕದ ಡಬ್ಬಿ ತೆರೆದರೆ ಅವು ಪೂರ್ತಿ ವೇಗದಲ್ಲಿ ಅದನ್ನೇ ಪುಡಿಮಾಡುತ್ತವೆ. ಹೀಗಾಗಿ "ಕೆಲಸದ ಹೊತ್ತಿನಲ್ಲಿ ನಾನು ಕುಡಿಯೋದಿಲ್ಲ" ಎನ್ನುವ ದಿನನಿತ್ಯದ ಕುಡುಕರು ಸುರಕ್ಷಿತರೇನಲ್ಲ. ಹಾಗೆಂದು ಕುಡಿಯುತ್ತಲೇ ಇರುವುದು ಇದಕ್ಕೆ ಮದ್ದಲ್ಲ. ಮದ್ಯ ಬಿಟ್ಟ ಮೂರು ದಿನಗಳಲ್ಲೇ ಈ ಕಿಣ್ವ ಇಳಿಯತೊಡಗುತ್ತದೆ, ವಾರ ಕಳೆಯುವಷ್ಟರಲ್ಲಿ ಇನ್ನಷ್ಟು ತಗ್ಗುತ್ತದೆ. ಹದಿನೈದು ವರ್ಷ ಕುಡಿದವರಿಗೂ ಇದು ಭರವಸೆಯ ಸುದ್ದಿ.

ತಲೆನೋವಿನ ಮಾತ್ರೆಯೂ ಸೇರಿದರೆ?

ನಾವು ನಿರಪಾಯಕಾರಿ ಎಂದು ತಿಳಿದಿರುವ ಪ್ಯಾರಾಸಿಟಮಾಲ್‌ನ ಒಂದು ಭಾಗವೂ ಇದೇ ಎರಡನೇ ಯಂತ್ರದ ಮೂಲಕ ಹೋಗಿ ವಿಷಕಾರಿ ಪದಾರ್ಥವಾಗುತ್ತದೆ. ಸಾಮಾನ್ಯರಲ್ಲಿ ಗ್ಲುಟಾಥಯೋನ್ ಅದನ್ನು ಕೂಡಲೇ ಚೀಲಕ್ಕೆ ಕಟ್ಟುತ್ತದೆ. ಹಾಗಾಗಿ ಹೇಳಿದ ಪ್ರಮಾಣದಲ್ಲಿ ಅದು ಸುರಕ್ಷಿತವೇ. ಆದರೆ ದಿನವೂ ಕುಡಿಯುವ, ಸರಿಯಾಗಿ ಉಣ್ಣದ ವ್ಯಕ್ತಿಗೆ ಹಾಗಲ್ಲ. ಥಿನ್ನರಿನಿಂದ ತಲೆನೋವು, ತಲೆನೋವಿಗೆ ಮಾತ್ರೆ, ಆಯಾಸಕ್ಕೆ ಮದ್ಯ. ಈ ಮೂರೂ ಸೇರಿ ಬಿಗಿಯುವ ಕುಣಿಕೆಯಲ್ಲಿ ನನ್ನ ರೋಗಿ ಸಿಕ್ಕಿಬಿದ್ದಿದ್ದರು. ಅದರ ಒಂದು ಎಳೆಯನ್ನು ನಾನೇ ಬರೆದುಕೊಟ್ಟಿದ್ದೆ. ದಿನವೂ ಕುಡಿಯುವವರು ವೈದ್ಯರನ್ನು ಕೇಳದೆ ಈ ಮಾತ್ರೆ ನುಂಗಬಾರದು. ದಿನಕ್ಕೆ 2 ಗ್ರಾಂ, ಎಂದರೆ 500 ಮಿ.ಗ್ರಾಂ.ನ ನಾಲ್ಕು ಮಾತ್ರೆಗಳ ಮಿತಿಯನ್ನು ಎಂದೂ ದಾಟಬಾರದು.

ಕುಡಿದ ಕೂಡಲೇ ಮುಖ ಕೆಂಪಾದರೆ

ಕೆಲವು ಸಲ ಕಾರ್ಖಾನೆಯ ರಾಸಾಯನಿಕವೇ ಮದ್ಯದ ದಾರಿಗೆ ಅಡ್ಡಬರುತ್ತದೆ. ಮದ್ಯಸಾರ ಮೊದಲು ಅಸಿಟಾಲ್ಡಿಹೈಡ್ ಆಗಿ, ಆಮೇಲೆ ನಿರಪಾಯಕಾರಿ ಅಸಿಟೇಟ್ ಆಗುತ್ತದೆ. ಡೈಮಿಥೈಲ್ ಫಾರ್ಮಮೈಡ್ ಈ ಎರಡನೇ ಹಂತವನ್ನು ತಡೆಯುತ್ತದೆ. ಅದರೊಡನೆ ಕೆಲಸ ಮಾಡಿದವರು ಸ್ವಲ್ಪ ಕುಡಿದರೂ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿ ಬರುತ್ತದೆ. ಟ್ರೈಕ್ಲೋರೋಎಥಿಲೀನ್‌ನಿಂದ ಜಿಡ್ಡು ತೆಗೆಯುವವರು ಕುಡಿದಾಗ ಮುಖ, ಕುತ್ತಿಗೆ, ಭುಜಗಳಲ್ಲಿ ಕೆಂಪು ಕಲೆಗಳೇಳುವುದನ್ನೂ ವೈದ್ಯರು 1974ರಲ್ಲಿ ವರದಿ ಮಾಡಿದ್ದಾರೆ.

ಅಮೆರಿಕದ ಕಾರ್ಖಾನೆಯೊಂದರ ವೈದ್ಯ ವಿಲಿಯಮ್ಸ್, ರಬ್ಬರ್ ತಯಾರಿಕೆಯ ರಾಸಾಯನಿಕವೊಂದನ್ನು ಮುಟ್ಟುವ ಕೆಲಸಗಾರರಿಗೆ ಮದ್ಯ ಒಗ್ಗುತ್ತಿಲ್ಲವೆಂದು 1937ರಲ್ಲೇ ಬರೆದಿದ್ದರು. ಅದೇ ಜಾತಿಯ ಡೈಸಲ್ಫಿರಾಮ್ ಮುಂದೆ ಡೆನ್ಮಾರ್ಕಿನ ಸಂಶೋಧಕರಿಂದಾಗಿ 1948ರಲ್ಲಿ ಕುಡಿತ ಬಿಡಿಸುವ ಔಷಧಿಯಾಗಿ ಬೆಳಕಿಗೆ ಬಂತು. ಆದ್ದರಿಂದ ಹೊಸ ಕೆಲಸಕ್ಕೆ ಸೇರಿದ ಮೇಲೆ ಮದ್ಯ ಇದ್ದಕ್ಕಿದ್ದಂತೆ ಒಗ್ಗದಿದ್ದರೆ ಅದನ್ನು ಉಡಾಫೆ ಮಾಡಬೇಡಿ. ನೀವು ಉಸಿರಾಡುತ್ತಿರುವ ಗಾಳಿಯಲ್ಲಿ ಏನೋ ಇದೆ ಎಂಬುದರ ಸೂಚನೆ ಅದಾಗಿರಬಹುದು.

ಮುಂಜಾಗ್ರತೆ ಏನು?

1. ಮುಖಕ್ಕೆ ಕಟ್ಟುವ ಕರವಸ್ತ್ರ, ಬಟ್ಟೆಯ ಮಾಸ್ಕ್ ಧೂಳನ್ನು ಒಂದಿಷ್ಟು ತಡೆದಾವು, ದ್ರಾವಕದ ಆವಿಯನ್ನಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಕಾರ್ಟ್ರಿಜ್‌ಗಳನ್ನು ಆಗಾಗ ಬದಲಿಸಬೇಕು.

2. ಈ ಆವಿಗಳು ಗಾಳಿಗಿಂತ ಭಾರ. ನೆಲದ ಮಟ್ಟದಲ್ಲಿ, ಗುಂಡಿಯಲ್ಲಿ, ತೊಟ್ಟಿಯಲ್ಲಿ ತಂಗುತ್ತವೆ. ಕಿಟಕಿ ಬಾಗಿಲು ತೆರೆದು, ಗಾಳಿಯನ್ನು ಹೊರಕ್ಕೆ ಎಳೆಯುವ ಫ್ಯಾನ್ ಹಾಕಿ ಕೆಲಸ ಮಾಡಿ. ಹೊಸದಾಗಿ ಪಾಲಿಶ್ ಹೊಡೆದ ಕೋಣೆಯಲ್ಲಿ ಆ ರಾತ್ರಿ ಮಲಗಬೇಡಿ.

3. ಥಿನ್ನರ್, ಪೆಟ್ರೋಲಿನಲ್ಲಿ ಕೈ ತೊಳೆಯಬೇಡಿ. ಕೆಲಸದ ಬಟ್ಟೆಗಳನ್ನು ಮಕ್ಕಳ ಬಟ್ಟೆಗಳೊಡನೆ ಒಗೆಯಬೇಡಿ.

4. ಬರಿ ಹೊಟ್ಟೆಯಲ್ಲಿ ಕೆಲಸಕ್ಕೆ ಹೋಗಬೇಡಿ. ಆದರೆ ಬೆಲ್ಲ, ಬಾಳೆಹಣ್ಣು, ಹಾಲು ವಿಷ ತೆಗೆಯುತ್ತವೆ ಎಂದು ನಂಬಿ ಮಾಸ್ಕ್ ಬಿಡಬೇಡಿ. ಅವು ಆಹಾರವೇ ಹೊರತು ಔಷಧಿಯಲ್ಲ.

5. ವೈದ್ಯರ ಬಳಿ ಹೋದಾಗ ಏನು ಕೆಲಸ, ಯಾವ ದ್ರವ, ಎಷ್ಟು ಕುಡಿತ ಎಂಬುದನ್ನು ಅವರು ಕೇಳದಿದ್ದರೂ ಹೇಳಿ. ಸಾಧ್ಯವಾದರೆ ಡಬ್ಬಿಯ ಮೇಲಿನ ಚೀಟಿಯ ಚಿತ್ರ ತೆಗೆದುಕೊಂಡು ಹೋಗಿ. ಇ.ಎಸ್.ಐ. ಸೌಲಭ್ಯ ಇದ್ದವರು ಅಲ್ಲಿಯೂ ಇದನ್ನು ದಾಖಲಿಸಿ.

6. ಬಹಳ ವರ್ಷ ಕುಡಿದವರು ಒಮ್ಮೆಗೇ ತಾವಾಗಿ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿ ಬಿಡುವುದೇ ಕ್ಷೇಮ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು.

ಈಗ ನನ್ನ ರೋಗಿಯ ವಿಷಯಕ್ಕೆ ಬರೋಣ. ಎಸ್.ಜಿ.ಪಿ.ಟಿ. ಎಂಬ ಯಕೃತ್ತಿನ ಪರೀಕ್ಷೆಯಲ್ಲಿ 40ರ ಆಸುಪಾಸಿನಲ್ಲಿರಬೇಕಾದ ಅಂಕಿ ಎರಡು ಸಾವಿರ ದಾಟಿತ್ತು. ಅಂದು ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಸೋಂಕಿನ ಕಾಮಾಲೆಯ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಖಾಲಿಯಾದ ಗ್ಲುಟಾಥಯೋನ್ ಚೀಲಗಳನ್ನು ಮತ್ತೆ ಒದಗಿಸುವ ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿ ಕೊಟ್ಟರು. ಮಾತ್ರೆಯ ಪಾಲೆಷ್ಟು, ಮದ್ಯದ ಪಾಲೆಷ್ಟು, ಥಿನ್ನರಿನ ಪಾಲೆಷ್ಟು ಎಂದು ಯಾರೂ ಬಿಡಿಸಿ ಹೇಳಲಾರರು. ಮೂರು ವಾರಗಳ ನಂತರ ಅವರು ನಡೆದುಕೊಂಡು ಮನೆಗೆ ಬಂದರು.

ಈಗಲೂ ಅದೇ ಕೆಲಸ ಮಾಡುತ್ತಿದ್ದಾರೆ, ಮನೆ ನಡೆಯಬೇಕಲ್ಲ. ಕಾರ್ಟ್ರಿಜ್ ಮಾಸ್ಕ್ ಕೊಂಡುಕೊಂಡಿದ್ದಾರೆ. ಕುಡಿತ ನಿಂತಿದೆ. ನಡುವೆ ಒಂದು ಸಲ ಜಾರಿದ್ದರು. ಪತ್ನಿ ಬೈಯದೆ ನನ್ನ ಹತ್ತಿರ ಕರೆತಂದರು, ಅದು ದೊಡ್ಡ ಉಪಕಾರವಾಯಿತು.

ನಾನೂ ಒಂದು ಪಾಠ ಕಲಿತೆ. ನನ್ನ ಚಿಕಿತ್ಸಾಲಯದ ಚೀಟಿಯಲ್ಲಿ ರೋಗಿಯ ಹೆಸರು, ವಯಸ್ಸಿನ ಕೆಳಗೆ ಈಗ ಇನ್ನೊಂದು ಸಾಲಿದೆ: 'ಮಾಡುವ ಕೆಲಸ'. ಅದನ್ನು ತುಂಬದೆ ಪ್ಯಾರಾಸಿಟಮಾಲ್ ಕೂಡ ಬರೆಯುವುದಿಲ್ಲ. ನಿಮ್ಮ ಮನೆಯಲ್ಲಿ ಬಣ್ಣ, ಪಾಲಿಶ್, ಅಂಟು, ಶಾಯಿಯ ಕೆಲಸಕ್ಕೆ ಹೋಗುವವರಿದ್ದರೆ, ಇಂದು ಸಂಜೆ ಅವರು ಮನೆಗೆ ಬಂದಾಗ ಈ ಲೇಖನವನ್ನು ಅವರ ಕೈಗೆ ಕೊಡಿ. ಓದಲು ಬಾರದಿದ್ದರೆ ಓದಿ ಹೇಳಿ.